ತಲೆಭಾರದ ಬ್ಯಾಟು

ಬ್ಯಾಡ್ಮಿಂಟನ್ ಬ್ಯಾಟು ತಕ್ಕಡಿಯಲ್ಲಿ ಎಷ್ಟು ಹಗುರವೋ ಆಯ್ಕೆಯಲ್ಲಿ ಅಷ್ಟೇ ಭಾರವಾದ ವಸ್ತು. ಅಂಗಡಿಯ ಗೋಡೆಗೆ ಸಾಲಾಗಿ ತೂಗುಹಾಕಿದ ಬ್ಯಾಟುಗಳಲ್ಲಿ ಹೆಚ್ಚಿನವು 80ರಿಂದ 90 ಗ್ರಾಂ ಒಳಗಿನವೇ ಆಗಿದ್ದರೂ, ಆ ಅಲ್ಪ ತೂಕ ತಲೆಯ ಕಡೆಗೆ ಎಷ್ಟು, ಹಿಡಿಯ ಕಡೆಗೆ ಎಷ್ಟು ಹಂಚಿಕೆಯಾಗಿದೆ ಎಂಬ ಒಂದೇ ಪ್ರಶ್ನೆಯ ಮೇಲೆ ಕೊಳ್ಳುವವರೂ ಮಾರುವವರೂ ಗಂಟೆಗಟ್ಟಲೆ ಚರ್ಚಿಸಬಲ್ಲರು. ಆಟದ ನಿಯಮಾವಳಿ ಈ ಚರ್ಚೆಯಲ್ಲಿ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಬ್ಯಾಟಿನ ಉದ್ದ 680 ಮಿಲಿಮೀಟರನ್ನೂ ಅಗಲ 230 ಮಿಲಿಮೀಟರನ್ನೂ ಮೀರಬಾರದೆಂದು ವಿಧಿಸುವ ಅಂತರರಾಷ್ಟ್ರೀಯ ನಿಯಮ, ತೂಕದ ಬಗ್ಗೆಯಾಗಲಿ ತೂಕದ ಹಂಚಿಕೆಯ ಬಗ್ಗೆಯಾಗಲಿ ಮಿತಿ ಹಾಕಿಲ್ಲ. ನಿಯಮ ಸುಮ್ಮನಿದ್ದ ಆ ಜಾಗದಲ್ಲೇ ಮಾರುಕಟ್ಟೆ ತನ್ನ ಅಂಗಡಿ ತೆರೆದಿದೆ.

ಬ್ಯಾಟನ್ನು ತೋರುಬೆರಳಿನ ಮೇಲೆ ಅಡ್ಡಲಾಗಿ ಇಟ್ಟು, ಅದು ಎತ್ತಲೂ ವಾಲದೆ ನಿಲ್ಲುವ ಜಾಗವನ್ನು ಗುರುತು ಮಾಡಿಕೊಂಡು, ಹಿಡಿಯ ತುದಿಯಿಂದ ಆ ಗುರುತಿನವರೆಗೆ ಅಳೆದರೆ ಸಿಗುವ ಅಂತರಕ್ಕೆ ತೂಗುಬಿಂದು ಎನ್ನಬಹುದು. ಈ ಅಂತರ 285ರಿಂದ 295 ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಅದು ಸಮತೋಲದ ಬ್ಯಾಟು, ಅದಕ್ಕಿಂತ ಹೆಚ್ಚಿದ್ದರೆ ತಲೆಭಾರದ್ದು, ಕಡಿಮೆಯಿದ್ದರೆ ತಲೆಹಗುರದ್ದು ಎಂಬುದು ರೂಢಿಯ ವಿಂಗಡಣೆ. ಗೆರೆಗಳು ಕಂಪನಿಯಿಂದ ಕಂಪನಿಗೆ ಅಷ್ಟಿಷ್ಟು ಸರಿಯುವುದುಂಟು. ದಂಡದ ಬುಡದಲ್ಲಿ ಅಚ್ಚಾಗಿರುವ 3ಯು, 4ಯು ಎಂಬ ಗುರುತುಗಳು ಒಟ್ಟು ತೂಕವನ್ನು ಹೇಳುತ್ತವೆ: ಮೊದಲನೆಯದು 85ರಿಂದ 89 ಗ್ರಾಂ, ಎರಡನೆಯದು 80ರಿಂದ 84 ಗ್ರಾಂ. ಒಟ್ಟು ತೂಕವನ್ನೂ ತೂಗುಬಿಂದುವನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಹಗುರ ಬ್ಯಾಟು ತಲೆಭಾರದ್ದಾಗಿರಬಹುದು, ತೂಕದ ಬ್ಯಾಟು ತಲೆಹಗುರದ್ದಾಗಿರಬಹುದು.

ತಲೆಭಾರದಿಂದ ಆಟಗಾರನಿಗೆ ಆಗುವ ಲಾಭ ಏನೆಂಬುದನ್ನು ಕೊಡಲಿಯನ್ನು ನೋಡಿ ತಿಳಿಯಬಹುದು. ಕೊಡಲಿಯ ತೂಕವೆಲ್ಲ ತುದಿಯಲ್ಲಿರುವುದರಿಂದ ಬೀಸಲು ತೊಡಗುವಾಗ ತೋಳಿಗೆ ತುಸು ಕಷ್ಟವಾದರೂ, ಒಮ್ಮೆ ವೇಗ ಪಡೆದ ಮೇಲೆ ಅದು ತನ್ನ ಭಾರದಿಂದಲೇ ಕೆಲಸ ಮುಗಿಸುತ್ತದೆ. ಆದರೆ ಕಟ್ಟಿಗೆ ಕೊಡಲಿಗಾಗಿ ಕಾದು ನಿಲ್ಲುತ್ತದೆ, ಶಟಲ್ ಕಾಯುವುದಿಲ್ಲ. ಬೀಸುವ ಮೊದಲು ಬ್ಯಾಟನ್ನು ಹಿಂದಕ್ಕೊಯ್ದು ಸಿದ್ಧವಾಗಲು ಬಿಡುವು ಸಿಕ್ಕಿದ ಆಟಗಾರನಿಗೆ ತಲೆಭಾರದ ಬ್ಯಾಟು ಉಪಕಾರಿ. ನೆಟ್ಟಿನ ಬಳಿ ಎದೆಯೆತ್ತರಕ್ಕೆ ನುಗ್ಗಿ ಬಂದ ಡ್ರೈವಿಗೆ ಎದುರುತ್ತರ ಕೊಡಬೇಕಾದವನಿಗೆ ಅದೇ ಬ್ಯಾಟು ಕ್ಷಣಾರ್ಧ ತಡವಾಗಿ ತಲುಪುತ್ತದೆ. ಹೀಗಾಗಿ ಆಯ್ಕೆಯ ಪ್ರಶ್ನೆಯನ್ನು ತೋಳಿನ ಶಕ್ತಿಗೆ ಮಾತ್ರ ಸಂಬಂಧಿಸಿದ್ದೆಂದು ಬಗೆಯುವುದು ಸರಿಯಲ್ಲ. ಆಡುವ ಅಂಗಳ ಆಟಗಾರನಿಗೆ ಎಷ್ಟು ಸಮಯ ಕೊಡುತ್ತದೆ ಎಂಬುದೇ ಇಲ್ಲಿ ಮುಖ್ಯ, ಮತ್ತು ಅಂಗಳಗಳೆಲ್ಲ ಒಂದೇ ಬಗೆಯವಲ್ಲ.

ಅಂಕೋಲಾ ತಾಲೂಕಿನ ಶೆಟಗೇರಿಯಂಥ ಕರಾವಳಿಯ ಊರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಈ ಸೀಮೆಯ ಹಳ್ಳಿಗಳಲ್ಲಿ ಶಟಲ್ ಆಟ ಮಳೆಗಾಲ ಮುಗಿದ ಮೇಲೆ ತೊಡಗುವ ಬಯಲಾಟ. ಶಾಲೆಯ ಮೈದಾನವೋ ಕೊಯ್ಲು ಮುಗಿದ ಗದ್ದೆಯೋ ಯಾರದಾದರೂ ಅಗಲವಾದ ಅಂಗಳವೋ ಸಮತಟ್ಟಾದರೆ ಸಾಕು, ಎರಡು ಅಡಿಕೆ ಮರದ ಕಂಬ ನೆಟ್ಟು, ಸುಣ್ಣದ ಗೆರೆ ಎಳೆದು, ತಂತಿಗೆ ದೀಪ ಕಟ್ಟಿದರೆ ಕೋರ್ಟು ಸಿದ್ಧವಾಗುತ್ತದೆ. ಹಗಲೆಲ್ಲ ಬಿಸಿಯೇರಿದ ನೆಲದ ಕಡೆಗೆ ಸಂಜೆಯವರೆಗೂ ಕಡಲಗಾಳಿ ಬೀಸುವುದರಿಂದ ಆಟ ರಾತ್ರಿ ಊಟಕ್ಕೆ ಮೊದಲು ಅಥವಾ ಊಟದ ನಂತರ ನಡೆಯುವುದು ವಾಡಿಕೆ. ಆಗ ಗಾಳಿ ಪೂರ್ತಿ ನಿಂತಿರುತ್ತದೆಂದಲ್ಲ; ನೆಲ ತಣಿದಂತೆ ಅದು ದಿಕ್ಕು ಬದಲಿಸಿ ಗುಡ್ಡದ ಕಡೆಯಿಂದ ಸಣ್ಣಗೆ ಹೊರಡುತ್ತದೆ, ಮಾಗಿಯಲ್ಲಂತೂ ಈ ಮೂಡಗಾಳಿಗೆ ತನ್ನದೇ ಹಟವಿರುತ್ತದೆ. ಐದು ಗ್ರಾಂ ಆಸುಪಾಸಿನ ಶಟಲ್ ಎತ್ತರದ ಟಾಸಿನ ತುದಿ ಮುಟ್ಟಿ ಇಳಿಯುವಾಗ ಒಂದು ಸುಳಿ ಬಂದರೆ ಗೇಣುದ್ದ ಅತ್ತ ಸರಿದುಬಿಡುತ್ತದೆ. ಆಗ ಬೀಸನ್ನು ಅರ್ಧ ದಾರಿಯಲ್ಲಿ ತಿದ್ದಿಕೊಳ್ಳಬೇಕು. ತಲೆಭಾರದ ಬ್ಯಾಟು ಒಮ್ಮೆ ಹೊರಟರೆ ತಿದ್ದುಪಡಿಗೆ ಒಪ್ಪುವುದು ಕಷ್ಟ, ಸಮತೋಲದ್ದು ಕೊನೆಯ ಗಳಿಗೆಯಲ್ಲೂ ಮಣಿಕಟ್ಟಿನ ಮಾತು ಕೇಳುತ್ತದೆ.

ಇಂಥ ಅಂಗಳದಲ್ಲಿ ಹದಿನಾರು ಪುಕ್ಕಗಳ ಶಟಲ್ ಬಳಸುವುದು ದುಬಾರಿ. ಆದ್ದರಿಂದ ಬಳಕೆಯಲ್ಲಿರುವುದು ಹೆಚ್ಚಾಗಿ ನೈಲಾನ್ ಕಾಕ್. ಪುಕ್ಕದ ಶಟಲ್ ಹೊಡೆತ ತಿಂದ ಮರುಕ್ಷಣದಿಂದಲೇ ಗಾಳಿಯನ್ನು ತಡೆದು ವೇಗ ಕಳೆದುಕೊಳ್ಳುತ್ತದೆ. ನೈಲಾನಿನ ಲಂಗ ಬಿರುಸಿನ ಹೊಡೆತಕ್ಕೆ ಒಳಮುದುಡಿ ಗಾಳಿಯ ತಡೆಯನ್ನು ತಗ್ಗಿಸಿಕೊಳ್ಳುವುದರಿಂದ ಸ್ಮ್ಯಾಶ್ ಎದುರಾಳಿಯ ಬಳಿ ಇನ್ನಷ್ಟು ಬಿರುಸಾಗಿ ಬಂದು ತಲುಪುತ್ತದೆ. ಅರೆಬೆಳಕಿನಲ್ಲಿ, ಕಪ್ಪು ಆಕಾಶದ ಹಿನ್ನೆಲೆಯಲ್ಲಿ, ಅದೂ ಪ್ರತಿ ಬದಿಗೆ ಇಬ್ಬರು ನಿಂತು ಆಡುವ ಡಬಲ್ಸಿನಲ್ಲಿ, ಸ್ಮ್ಯಾಶ್ ತಡೆಯುವವನಿಗೆ ಸಿಗುವ ಕಾಲಾವಕಾಶ ಅತ್ಯಲ್ಪ. ಬಯಲಿನ ಗಾಳಿಗೆ ಶಟಲ್ ಹೊಂದುವುದಿಲ್ಲವೆಂಬುದು ಹೊಸ ಅರಿವೇನಲ್ಲ. ದಕ್ಷಿಣ ಭಾರತದ ಶಾಲಾ ಮೈದಾನಗಳಲ್ಲಿ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಬೇರೂರಿದ್ದಕ್ಕೆ ಅದು ಗಾಳಿಯನ್ನು ಲೆಕ್ಕಿಸದ ಆಟವಾಗಿದ್ದುದೂ ಒಂದು ಕಾರಣ. ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ ಬಯಲಿಗೆಂದೇ ಬೇರೆ ಶಟಲ್ ರೂಪಿಸಿ ಏರ್ ಬ್ಯಾಡ್ಮಿಂಟನ್ ಎಂಬ ಪ್ರಕಾರವನ್ನು ಘೋಷಿಸಿದ್ದು 2019ರಲ್ಲಷ್ಟೇ.

ತಲೆಭಾರದ ಪರವಾಗಿಯೂ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳುವಾಗಿರುವುದರಿಂದ ಶಟಲ್ ದೂರ ಹಾರುತ್ತದೆ, ಅಲ್ಲಿ ನಿಧಾನಗತಿಯ ಶಟಲ್ ಆರಿಸಿಕೊಳ್ಳುವ ಪದ್ಧತಿಯೂ ಇದೆ. ಕರಾವಳಿಯ ದಟ್ಟ ಗಾಳಿಯಲ್ಲಿ ಅದೇ ಶಟಲ್, ಅದೇ ಹೊಡೆತಕ್ಕೆ ಹಿಂದಿನ ಗೆರೆ ಮುಟ್ಟದೆ ಬೀಳುತ್ತದೆ. ಎದುರುಗಾಳಿಯ ಬದಿಯಲ್ಲಿ ನಿಂತು ಹಿಂದಿನ ಗೆರೆಯಿಂದ ಹಿಂದಿನ ಗೆರೆಗೆ ಟಾಸ್ ಕಳಿಸುವವನಿಗೆ ಬ್ಯಾಟಿನ ತಲೆಯಲ್ಲಿ ನಾಲ್ಕು ಗ್ರಾಂ ಹೆಚ್ಚಿದ್ದಿದ್ದರೆ ಎಂದು ಅನ್ನಿಸುವುದು ಸಹಜ. ಆದರೂ ಎದುರುಗಾಳಿ ಆಟದ ಅರ್ಧ ಭಾಗಕ್ಕೆ ಮಾತ್ರ. ಬದಿ ಬದಲಾದೊಡನೆ ಅದೇ ನಾಲ್ಕು ಗ್ರಾಂ ಶಟಲನ್ನು ಗೆರೆಯಾಚೆಯ ಕತ್ತಲೆಗೆ ಅಟ್ಟುತ್ತದೆ.

ಇನ್ನು ಅಂಗಡಿಯ ತೂಗುಬಿಂದುವನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತಯಾರಕರು ಹೇಳುವ ಅಳತೆ ಸಾಮಾನ್ಯವಾಗಿ ಗಟ್ಟಿಂಗ್ ಮಾಡದ, ಅಂದರೆ ತಂತಿ ಕಟ್ಟದ ಬ್ಯಾಟಿನದು. 84 ಗ್ರಾಂ ತೂಕದ, 290 ಮಿಲಿಮೀಟರಿನಲ್ಲಿ ತೂಗುವ ಒಂದು ಸಮತೋಲದ ಬ್ಯಾಟನ್ನು ಕೊಂಡು ಗಟ್ಟಿಂಗ್ ಹಾಕಿಸಿದರೆ, ಸುಮಾರು 4 ಗ್ರಾಂ ತಂತಿ ಹಿಡಿಯ ತುದಿಯಿಂದ 545 ಮಿಲಿಮೀಟರ್ ದೂರದಲ್ಲಿ ಸೇರಿಕೊಳ್ಳುವುದರಿಂದ ತೂಗುಬಿಂದು ಸುಮಾರು 302ಕ್ಕೆ ಏರುತ್ತದೆ. ಕೊಂಡವನು ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಬ್ಯಾಟು ತಲೆಭಾರದ ಅಂಕಿಗೆ ದಾಟಿರುತ್ತದೆ. ಬೆವರಿಗೆ ಜಾರದಿರಲೆಂದು ಹಿಡಿಯ ಮೇಲೆ ಇನ್ನೊಂದು ಸುತ್ತು ಗ್ರಿಪ್ ಸುತ್ತಿದರೆ, ಅದರ 5 ಗ್ರಾಂ ತೂಕ ತುದಿಯಿಂದ 85 ಮಿಲಿಮೀಟರಿನ ಆಸುಪಾಸಿನಲ್ಲಿ ಕೂತು, ತೂಗುಬಿಂದು ಪುನಃ 290ಕ್ಕೆ ಇಳಿಯುತ್ತದೆ. ಬೆರಳಿನ ಮೇಲಿಟ್ಟರೆ ಬ್ಯಾಟು ಮೊದಲಿನಂತೆಯೇ ತೂಗುತ್ತದೆ, ಆದರೆ ಬೀಸಿದಾಗ ಅದು ಮೊದಲಿನ ಬ್ಯಾಟಲ್ಲ.

ಇದಕ್ಕೆ ಕಾರಣವಿದೆ. ಬೀಸುವ ಕೈಗೆ ತಿಳಿಯುವುದು ತೂಗುಬಿಂದುವಲ್ಲ, ತಿರುಗಿಸುವಾಗ ಬ್ಯಾಟು ಒಡ್ಡುವ ಜಡತ್ವ. ಬಲ್ಲವರು ಇದನ್ನು ಸ್ವಿಂಗ್ ವೇಟ್ ಎನ್ನುತ್ತಾರೆ. ಪ್ರತಿಯೊಂದು ಕಣದ ತೂಕವನ್ನು ಕೈಯಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ ಕೂಡಿದರೆ ಈ ಜಡತ್ವ ಸಿಗುತ್ತದೆ. ಕೈಯಿಂದ 45 ಸೆಂಟಿಮೀಟರ್ ದೂರದಲ್ಲಿರುವ 4 ಗ್ರಾಂ ತಂತಿಯ ಪಾಲು 8,100. 5 ಸೆಂಟಿಮೀಟರಿನಷ್ಟೇ ದೂರವಿರುವ 5 ಗ್ರಾಂ ಗ್ರಿಪ್ಪಿನ ಪಾಲು 125. ತಂತಿಯ ಪಾಲು 60 ಪಟ್ಟಿಗೂ ಹೆಚ್ಚು. ಆದ್ದರಿಂದ ತಲೆಭಾರವೆನಿಸಿದ ಬ್ಯಾಟಿಗೆ ದಪ್ಪ ಗ್ರಿಪ್ ಸುತ್ತಿ ಸಮತೋಲಕ್ಕೆ ತಂದೆವೆಂದು ಸಮಾಧಾನಪಡುವವರು ಅಳತೆಪಟ್ಟಿಯನ್ನು ಒಪ್ಪಿಸಿರುತ್ತಾರೆ, ಭುಜವನ್ನಲ್ಲ. ಅಂಗಡಿಯಲ್ಲಿ ಎರಡು ಬ್ಯಾಟುಗಳನ್ನು ಬೆರಳ ಮೇಲೆ ತೂಗಿ ನೋಡುವುದಕ್ಕಿಂತ, ಗಟ್ಟಿಂಗ್ ಆದ ಬ್ಯಾಟುಗಳನ್ನೇ ಹಿಡಿದು, ಮಣಿಕಟ್ಟಿನಿಂದ ಎಡಬಲಕ್ಕೆ ಸರಸರನೆ ತಿರುಗಿಸಿ, ಯಾವುದು ಬೇಗ ದಿಕ್ಕು ಬದಲಿಸುತ್ತದೆಂದು ಗಮನಿಸುವುದು ಹೆಚ್ಚು ಪ್ರಯೋಜನಕಾರಿ. ಅಂಗಡಿಯವನು ಗಾಜಿನ ಕಪಾಟಿನ ಬಗ್ಗೆ ಎಚ್ಚರಿಸಿದರೆ ಅದು ಅವನ ಹಕ್ಕು.

ಇಷ್ಟಾದರೂ ಹದಿಹರೆಯದವರ ಕೈ ತಲೆಭಾರದ ಬ್ಯಾಟಿನ ಕಡೆಗೇ ಹೋಗುತ್ತದೆ, ಏಕೆಂದರೆ ಸ್ಮ್ಯಾಶಿಗಿರುವ ವೈಭವ ಡ್ರಾಪಿಗಿಲ್ಲ. ಈ ವೈಭವದ ತುತ್ತತುದಿಯಲ್ಲೇ ಒಂದು ವಿಪರ್ಯಾಸವಿದೆ. ಆಂಧ್ರದ ಸಾತ್ವಿಕ್ ಸಾಯಿರಾಜ್ ರಂಕಿರೆಡ್ಡಿ 2023ರ ಏಪ್ರಿಲ್ 14ರಂದು ಜಪಾನಿನ ಸೋಕಾದಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಬರೆದಾಗ ಕೈಯಲ್ಲಿದ್ದದ್ದು ಯೋನೆಕ್ಸ್ ನ್ಯಾನೋಫ್ಲೇರ್ 1000ಝಡ್, ಅಂದರೆ ತಲೆಹಗುರದ ವರ್ಗಕ್ಕೆ ಸೇರಿದ ಬ್ಯಾಟು. ಹಗುರವಾದ ತಲೆಯನ್ನು ಹೆಚ್ಚು ವೇಗವಾಗಿ ಬೀಸಬಹುದು, ಭಾರದ ತಲೆ ಕಡಿಮೆ ವೇಗದಲ್ಲೂ ಹೆಚ್ಚು ಬಲ ನೀಡಬಹುದು; ಈ ಎರಡರಲ್ಲಿ ಯಾವುದು ಗೆಲ್ಲುತ್ತದೆಂಬುದು ಬೀಸುವ ದೇಹವನ್ನು ಅವಲಂಬಿಸಿದೆಯೇ ಹೊರತು ಪೆಟ್ಟಿಗೆಯ ಮೇಲಿನ ಜಾಹೀರಾತನ್ನಲ್ಲ.

ಹೊಡೆತದ ಬಲವೇ ಸರ್ವಸ್ವವಲ್ಲವೆಂಬುದಕ್ಕೆ ಕನ್ನಡನಾಡಿನವರು ಸಾಕ್ಷಿಗಾಗಿ ದೂರ ಹೋಗಬೇಕಾಗಿಲ್ಲ. ಕುಂದಾಪುರದ ಕಡೆಯ ಪಡುಕೋಣೆ ಎಂಬ ಊರಿನ ಹೆಸರನ್ನು ಹೊತ್ತ ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಯ ಛತ್ರವೂ ಆಗಿದ್ದರಿಂದ ಸಮಾರಂಭವಿದ್ದ ದಿನ ಆಟಕ್ಕೆ ರಜೆ. 1980ರ ಮಾರ್ಚಿನಲ್ಲಿ ವೆಂಬ್ಲಿಯ ಆಲ್ ಇಂಗ್ಲೆಂಡ್ ಫೈನಲಿನಲ್ಲಿ ಅವರ ಎದುರು ನಿಂತದ್ದು ಹಿಂದಿನ ಎರಡು ವರ್ಷ ಆ ಪ್ರಶಸ್ತಿ ಗೆದ್ದಿದ್ದ, ನೆಗೆದು ಹೊಡೆಯುವ ಸ್ಮ್ಯಾಶಿಗೆ ಜಗತ್ತೇ ಹೆದರುತ್ತಿದ್ದ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಪ್ರಕಾಶ್ ಆಟದ ವೇಗವನ್ನು ಇಳಿಸಿ, ಟಾಸು ಡ್ರಾಪುಗಳಲ್ಲಿ ಎದುರಾಳಿಯನ್ನು ಹಿಂದೆ ಮುಂದೆ ಓಡಿಸಿ, ಕಿಂಗ್‌ಗೆ ಇಷ್ಟವಾದ ಎತ್ತರದಲ್ಲಿ ಶಟಲ್ ಸಿಗದಂತೆ ನೋಡಿಕೊಂಡು 15-3, 15-10ರಿಂದ ಗೆದ್ದರು. ಬಯಲಿನಲ್ಲಿ ಗಾಳಿ ಮಾಡುವ ಕೆಲಸವನ್ನು ಅಂದು ಒಳಾಂಗಣದಲ್ಲಿ ಒಂದು ಮಣಿಕಟ್ಟು ಮಾಡಿತ್ತು.

ಡಬಲ್ಸಿನಲ್ಲಿ ಪಾತ್ರಗಳು ಬೇರೆಬೇರೆಯಾಗಿದ್ದರೆ ಬ್ಯಾಟುಗಳೂ ಬೇರೆಯಾಗಿರುವುದು ಯುಕ್ತ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನವನ್ನೂ ಮರುವರ್ಷ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಕಂಚನ್ನೂ ಗೆದ್ದ ಜೋಡಿಯಲ್ಲಿ ಕರ್ನಾಟಕದ ಅಶ್ವಿನಿ ಪೊನ್ನಪ್ಪ ಹಿಂದಿನಿಂದ ಬಿರುಸಾಗಿ ಹೊಡೆದರೆ, ಜ್ವಾಲಾ ಗುಟ್ಟಾ ನೆಟ್ಟಿನ ಬಳಿ ನಿಂತು ಮುಗಿಸುತ್ತಿದ್ದರು. ಹಿಂದಿನ ಸ್ಥಾನಕ್ಕೆ ತಲೆಭಾರ, ಮುಂದಿನ ಸ್ಥಾನಕ್ಕೆ ತಲೆಹಗುರ ಎಂಬ ಸೂತ್ರ ಇಂಥ ಕಟ್ಟುನಿಟ್ಟಿನ ಹಂಚಿಕೆಗೆ ಒಪ್ಪುತ್ತದೆ. ಶೆಟಗೇರಿಯ ಕಡೆಯ ರಾತ್ರಿಯಾಟದಲ್ಲಿ ಸ್ಥಾನಗಳು ಅಷ್ಟು ಶಿಸ್ತಿನವಲ್ಲ; ವಯಸ್ಸಾದವರು ಮುಂದೆ ನಿಲ್ಲುತ್ತಾರೆ, ದಮ್ಮಿದ್ದವರು ಎಲ್ಲೆಡೆ ಓಡುತ್ತಾರೆ, ಒಂದು ಗೇಮ್ ಮುಗಿಯುವಷ್ಟರಲ್ಲಿ ಕಟ್ಟೆಯ ಮೇಲೆ ಕಾಯುತ್ತಿದ್ದವರು ಎದ್ದು ಬರುತ್ತಾರೆ. ಬಂದವರಲ್ಲಿ ಹಲವರ ಬಳಿ ಸ್ವಂತ ಬ್ಯಾಟಿರುವುದಿಲ್ಲ. ಆಡಿ ಇಳಿದವರದ್ದನ್ನೇ ಕೇಳಿ ಪಡೆಯುತ್ತಾರೆ. ಹೀಗೆ ಒಂದೇ ರಾತ್ರಿ ಹತ್ತನೇ ತರಗತಿಯ ಹುಡುಗನಿಂದ ನಿವೃತ್ತ ಮಾಸ್ತರರವರೆಗೆ ಕೈಯಿಂದ ಕೈಗೆ ದಾಟುವುದು ಯಾವಾಗಲೂ ಸಮತೋಲದ ಬ್ಯಾಟೇ. ತಲೆಭಾರದ್ದನ್ನು ಒಮ್ಮೆ ಬೀಸಿ ನೋಡಿದವರು ಭುಜ ನೀವಿಕೊಂಡು ಅದನ್ನು ವಿನಯದಿಂದ ಹಿಂತಿರುಗಿಸುತ್ತಾರೆ, ಮತ್ತು ಬ್ಯಾಟಿನ ಒಡೆಯನಿಗೆ ಅದರಿಂದ ಒಳಗೊಳಗೇ ಆಗುವ ಸಂತೋಷವನ್ನೂ ತಲೆಭಾರದ ಲಾಭಗಳ ಪಟ್ಟಿಗೆ ನ್ಯಾಯವಾಗಿಯೇ ಸೇರಿಸಬೇಕಾಗುತ್ತದೆ.