ಅವ್ವನಿಗೇ ಹೇಳಿ

ನಮ್ಮವ್ವನಿಗೆ ಗರ್ಭಕೊರಳಿನ ಕ್ಯಾನ್ಸರ್. ಜೆ.ಪಿ. ನಗರದ ನಾಲ್ಕು ಮನೆಗಳ ಪಾತ್ರೆ ತಿಕ್ಕಿ ನನ್ನನ್ನು ಬಿ.ಎ. ಓದಿಸಿದವಳು. ಬಿಳಿಸೆರಗು, ನಿಂತ ಮುಟ್ಟು ಮತ್ತೆ ಕಂಡದ್ದು, ಇದನ್ನೆಲ್ಲ ಗಂಡುಮಗನಿಗೆ ಹೇಗೆ ಹೇಳಿಯಾಳು? ಒಂದು ದಿನ ತಪ್ಪಿಸಿದರೆ ಸಂಬಳಕ್ಕೆ ಕತ್ತರಿ. ಹಾಗೇ ವರ್ಷ ಕಳೆಯಿತು.

ಮೊದಲು ತೋರಿಸಿದ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಅವ್ವನನ್ನು ಹೊರಗೆ ಕೂರಿಸಿ, ಡಾಕ್ಟರು ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. 'ಪೇಷಂಟಿಗೆ ಹೇಳಬೇಡಿ' ಅಂದರು. ಹೊರಗೆ ಬಂದರೆ ಅವ್ವ, 'ನನ್ ಮೈ ಸುದ್ದೀನ ನಂಗೇ ಯಾಕ್ಲಾ ಮುಚ್ತಾರೆ?' ಅಂದಳು. ಅಲ್ಲೇ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಅವಳು ಅಳಲಿಲ್ಲ. 'ಎಷ್ಟ್ ದಿನ ಕೆಲ್ಸಕ್ ಹೋಗಕಾಗಕಿಲ್ಲ?' ಅಂತ ಕೇಳಿದಳು.

ಅಕ್ಷರ ನಿಮಗಲ್ಲ ಅಂತ ನಮ್ಮ ಅಜ್ಜಂದಿರನ್ನು ಹೊರಗೆ ನಿಲ್ಲಿಸಿದ್ದರು. ಅವ್ವನ ಮೈಯ ಸುದ್ದಿ ಅವ್ವನಿಗಲ್ಲ ಅನ್ನುವುದು ಅದರ ಬಾಲವಲ್ಲವೇ?

ಈಗ ಜರಗನಹಳ್ಳಿಯಿಂದ ಕಿದ್ವಾಯಿ ಆಸ್ಪತ್ರೆಗೆ ಓಡಾಟ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಮೇಲೆ ಬಸ್ಸಿನಲ್ಲಿ ಅವ್ವನಿಗೆ ಕಾಸಿಲ್ಲ. 1973ರಲ್ಲಿ ಶುರುವಾದ ಈ ಆಸ್ಪತ್ರೆಗೆ ದೂರದ ಜಿಲ್ಲೆಗಳವರು ರಾತ್ರಿಯೇ ಬಂದು ಕಾಯುತ್ತಾರೆ. ಬಿಪಿಎಲ್ ಕಾರ್ಡಿನ ಮೇಲೆ ಚಿಕಿತ್ಸೆ ನಡೆಯುತ್ತದೆ. ತಪ್ಪಿದ ಕೂಲಿಯನ್ನು ಯಾವ ಕಾರ್ಡೂ ಕೊಡುವುದಿಲ್ಲ.

ವಾರಕ್ಕೆ ಐದು ದಿನದಂತೆ 25 ಸಲ ರೇಡಿಯೇಷನ್, ವಾರಕ್ಕೊಂದು ಕಿಮೋ. ರೇಡಿಯೇಷನ್ನನ್ನು ಜನ 'ಕರೆಂಟ್ ಕೊಡೋದು' ಅನ್ನುತ್ತಾರೆ, ಶಾಕ್ ಹೊಡೆಯುತ್ತದೆಂದು ಹೆದರುತ್ತಾರೆ. ಅದು ವಿದ್ಯುತ್ತಲ್ಲ, ಕಿರಣ. ಕೊಡುವಾಗ ನೋವಿಲ್ಲ, ಸುಸ್ತು, ಭೇದಿ ಆಮೇಲೆ ಬರುತ್ತವೆ. ಮೊದಲೇ ತಿಳಿದಿದ್ದರಿಂದ ಅವ್ವ ಒಂದು ದಿನವೂ ತಪ್ಪಿಸಿಲ್ಲ.

ವಠಾರದಲ್ಲಿ ಒಬ್ಬಾಕೆ ಅವ್ವನಿಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟಳು. 'ಬೇರೆ ಲೋಟ ನಂಗೇನ್ ಹೊಸದಾ?' ಅಂತ ಅವ್ವ ನಕ್ಕಳು. ಆಮೇಲೆ ಅಲ್ಲೇ ಕೂತು ಹೇಳಿದಳು: ಕ್ಯಾನ್ಸರ್ ಎಂಜಲಿನಿಂದ ಅಂಟುವುದಿಲ್ಲ. ಗಂಡು ಹೆಣ್ಣಿನ ಸಂಗದಲ್ಲಿ ದಾಟುವ ಒಂದು ವೈರಸ್ಸು ಮೈಯಲ್ಲೇ ಉಳಿದುಬಿಟ್ಟರೆ, ಎಷ್ಟೋ ವರ್ಷದ ಮೇಲೆ ಹೀಗಾಗುತ್ತದೆ. ಅದು ಯಾರ ನಡತೆಯ ಮಾತೂ ಅಲ್ಲ. 30 ದಾಟಿದವರು ತಪಾಸಣೆ ಮಾಡಿಸಿಕೊಂಡರೆ ಕ್ಯಾನ್ಸರ್ ಆಗುವ ಮೊದಲೇ ತಡೆಯಬಹುದು. ಮುಂದಿನ ವಾರ ಆಕೆಯೂ ಇನ್ನಿಬ್ಬರೂ ತಪಾಸಣೆಗೆ ಹೋದರು. ನನ್ನ ಬಿ.ಎ.ಗೆ ಆಗದ ಕೆಲಸ ಇದು.

ಗೆಳೆಯರೇ, ಮೇಷ್ಟ್ರೇ, ನಿಮ್ಮ ಊರಿನ ತಾಯಂದಿರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ನೀವೇ. ಡಾಕ್ಟರ ಎದುರಿನ ಕುರ್ಚಿಯಲ್ಲಿ ಅವರನ್ನೇ ಕೂರಿಸಿ, ನೀವು ಪಕ್ಕದಲ್ಲಿ ನಿಲ್ಲಿ. 'ಕನ್ನಡದಲ್ಲಿ ಹೇಳಿ ಸಾರ್, ಅವರಿಗೇ ಹೇಳಿ' ಅನ್ನಿ.