ಕಲ್ಲಾದ ಮರವೂ ನನ್ನ ಕಪಾಟಿನ ಚೂರೂ

ಕಳೆದ ವರ್ಷ ಬೆಂಗಳೂರಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಗೃಹಪ್ರವೇಶಕ್ಕೆ ಹೋಗಿದ್ದೆ. ನಡುಮನೆಯಲ್ಲೊಂದು ದುಂಡು ಮೇಜು. ಮರದ ಕಾಂಡವನ್ನು ಅಡ್ಡಕೊಯ್ದು ಮಾಡಿದ್ದೆಂದೇ ತಿಳಿದೆ. ಕೈಯಿಟ್ಟಾಗ ಕಲ್ಲಿನ ತಣ್ಪು!

“ಇಂಡೋನೇಷ್ಯಾದ್ದು ಸಾರ್, ಕಲ್ಲಾದ ಮರ” ಎಂದ. ಬೆಲೆ ಕೇಳಿ ಹೋಳಿಗೆಯ ರುಚಿಯೂ ತುಸು ಕೆಟ್ಟಿತೆನ್ನಬೇಕು.

ಹೂಳಿನಡಿ ಸಿಕ್ಕ ಮರ ಗಾಳಿ ತಾಗದಿದ್ದರೆ ಬೇಗನೆ ಕೊಳೆಯದು. ಅಂತರ್ಜಲದಲ್ಲಿ ಕರಗಿದ ಸಿಲಿಕಾ ಅದರ ಜೀವಕೋಶಗಳೊಳಗೆ ಇಳಿದು, ಗಟ್ಟಿಯಾಗಿ, ಎಳೆಎಳೆಯ ಅಚ್ಚನ್ನು ಉಳಿಸಿಕೊಂಡೇ ಮರವನ್ನು ಶಿಲೆಯಾಗಿಸುತ್ತದೆ. ಕೆಂಪು, ಹಳದಿ ಬಣ್ಣಗಳು ಕಬ್ಬಿಣದ ಅಂಶದ ಕೊಡುಗೆ. ಮೋಸ್ ಮಾನದಲ್ಲಿ ಇದರ ಕಾಠಿಣ್ಯ ಸುಮಾರು 7. ಬಡಗಿಯ ಗರಗಸ ಇದರ ಮುಂದೆ ಸೋಲುತ್ತದೆ. ವಜ್ರದ ಕಣಗಳನ್ನು ಕೂಡಿಸಿದ ಗರಗಸದಿಂದ, ನೀರು ಹಾಯಿಸುತ್ತ, ನಿಧಾನವಾಗಿ ಕೊಯ್ಯಬೇಕು. ಬಳಿಕ ಒರಟು ಪುಡಿಯಿಂದ ನಯವಾದ ಪುಡಿಯವರೆಗೆ ಹಂತಹಂತವಾಗಿ ಉಜ್ಜಿ, ಕೊನೆಗೆ ಸೀರಿಯಮ್ ಆಕ್ಸೈಡ್‌ನಿಂದ ಹೊಳಪು ಕೊಡುತ್ತಾರೆ. ನಡುವೆ ಒಂದು ಒರಟು ಕಣ ಉಳಿದರೂ ಗೀರು ಬಿದ್ದು, ಹಿಂದಿನ ಹಂತಕ್ಕೆ ಮರಳಬೇಕಾಗುತ್ತದೆ. ಇದನ್ನೆಲ್ಲ ಅವನಿಂದ ಕೇಳಿದ ಮೇಲೆ ಬೆಲೆಯ ಕುರಿತ ನನ್ನ ಗೊಣಗಾಟ ನಿಂತಿತು.

“ತಿರುವಕ್ಕರೈ ನೆನಪಿದೆಯೇ ಸಾರ್? ಅಂದು ನೀವು ನನ್ನ ಜೇಬಿನಿಂದ ಚೂರೊಂದನ್ನು ತೆಗೆಸಿ, ಇದ್ದಲ್ಲೇ ಇಡಿಸಿದಿರಿ. ಅದಕ್ಕೇ ಇದನ್ನು ದುಡ್ಡು ಕೊಟ್ಟು ತಂದೆ” ಎಂದು ನಕ್ಕ.

ನಾನು ನಗಲಾರದೆ ಹೋದೆ.

1984ರ ಶಾಲಾ ಪ್ರವಾಸ ಅದು. ಪಾಂಡಿಚೇರಿಗೆ ಹೋಗುವಾಗ ತಮಿಳುನಾಡಿನ ಆ ಪಳೆಯುಳಿಕೆ ಉದ್ಯಾನದಲ್ಲಿ ಇಳಿದಿದ್ದೆವು. ಸುಮಾರು 2 ಕೋಟಿ ವರ್ಷ ಹಿಂದಿನ ಮರಗಳು ಕೆಮ್ಮಣ್ಣಿನಲ್ಲಿ ಅಡ್ಡಬಿದ್ದಿದ್ದವು. ಮಕ್ಕಳಿಗೆ ದೀರ್ಘ ಬೋಧೆ ಮಾಡಿದೆ. ಅವರೆಲ್ಲ ಬಸ್ಸು ಹತ್ತಿದ ಮೇಲೆ, ಯಾರೂ ನೋಡದಾಗ, ಹೆಬ್ಬೆರಳಿನಷ್ಟು ಚೂರೊಂದನ್ನು ನಾನೇ ಜೇಬಿಗಿಳಿಸಿದೆ. ತರಗತಿಯಲ್ಲಿ ತೋರಿಸಲೆಂಬುದು ಅಂದು ನನಗೆ ನಾನೇ ಹೇಳಿಕೊಂಡ ಸಮಜಾಯಿಷಿ. ಒಮ್ಮೆಯೂ ತೋರಿಸಲಿಲ್ಲ, ತೋರಿಸಿದರೆ ಎಲ್ಲಿಂದ ತಂದಿರೆಂದು ಇವನೇ ಕೇಳುತ್ತಿದ್ದ.

ಅಮೆರಿಕದ ಅರಿಜೋನಾದಲ್ಲೂ ಇಂಥದೊಂದು ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿಂದ ಚೂರುಗಳನ್ನು ಕದ್ದೊಯ್ದವರು ವರ್ಷಗಳ ಬಳಿಕ ಕ್ಷಮೆಯ ಪತ್ರದೊಡನೆ ಮರಳಿಸುವುದುಂಟು. ಯಾವುದು ಎಲ್ಲಿತ್ತೆಂದು ತಿಳಿಯದ ಕಾರಣ ಅವನ್ನು ಮೂಲಸ್ಥಾನದಲ್ಲಿಡಲಾಗದೆ ಒಂದೆಡೆ ರಾಶಿ ಹಾಕಿದ್ದಾರೆ.

ನನ್ನ ಚೂರು ಇದ್ದ ಜಾಗ ನನಗಿನ್ನೂ ನೆನಪಿದೆ, ಬೇಲಿಯ ಪಕ್ಕದ ದೊಡ್ಡ ಕಾಂಡದ ಬುಡ. ಮಳೆಗಾಲ ಕಳೆದ ಮೇಲೆ ಹೋಗುವ ಯೋಚನೆಯಿದೆ. ಅಂದು ಗೃಹಪ್ರವೇಶದಲ್ಲಿ ಬಾಯಿಬಿಡಲಾಗಲಿಲ್ಲ. ಅವನು ಇದನ್ನು ಓದುತ್ತಾನೆಂದು ಬಲ್ಲೆ. ಜೊತೆಗೆ ಬರುವೆಯೇನಪ್ಪಾ?