ದಾನವೂ ಪಾಲನೆಯೂ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಪರಿಚಿತವಾಗಿರುತ್ತದೆ. ಭೂಮಿಯನ್ನೋ ತೋಟವನ್ನೋ ದತ್ತಿಬಿಟ್ಟ ವಿವರವೆಲ್ಲ ಮುಗಿದ ಮೇಲೆ, ಕೊಡುವುದಕ್ಕಿಂತ ಕೊಟ್ಟುದನ್ನು ಕಾಪಾಡುವುದೇ ಮಿಗಿಲೆಂಬ ಅರ್ಥದ ಶ್ಲೋಕವನ್ನು ಕೆತ್ತಿಸುವ ರೂಢಿ ಪೂರ್ವಿಕರಲ್ಲಿತ್ತು. ಈ ಶ್ಲೋಕವನ್ನು ಕೇಳಿರಲಾರದ ಮೂವರು ಮಿತ್ರರು ಅದರ ತಾತ್ಪರ್ಯವನ್ನು ಆಫ್ರಿಕಾ ಖಂಡದ ಧೂಳುಹಾದಿಯಲ್ಲಿ ಕಂಡುಕೊಂಡರು.

ಅಮೆರಿಕದ ರ‍್ಯಾಂಡಿ ಮಮೋಲ ಅವರು ಮೋಟಾರ್ ಸೈಕಲ್ ಪಂದ್ಯಗಳ ಪ್ರಸಿದ್ಧ ಸವಾರರು. 500 ಸಿ.ಸಿ. ವರ್ಗದ ವಿಶ್ವಸ್ಪರ್ಧೆಯಲ್ಲಿ ನಾಲ್ಕು ಸಲ ದ್ವಿತೀಯ ಸ್ಥಾನಕ್ಕೆ ಬಂದರೂ ಪ್ರಥಮ ಸ್ಥಾನ ಅವರಿಗೆ ಒಮ್ಮೆಯೂ ಒಲಿಯಲಿಲ್ಲ. ಇಂಗ್ಲೆಂಡಿನ ಬ್ಯಾರಿ ಕೋಲ್ಮನ್ ಅಂಥ ಪಂದ್ಯಗಳನ್ನು ಕುರಿತು ಬರೆಯುತ್ತಿದ್ದ ಪತ್ರಕರ್ತರು. ಬ್ಯಾರಿಯವರ ಪತ್ನಿ ಆಂಡ್ರಿಯಾ ತಾವೇ ಪಂದ್ಯದ ಸವಾರರಾಗಿದ್ದವರು. ಅವರ ಮೊದಲ ಪತಿ ಟಾಮ್ ಹೆರನ್ 1979ರಲ್ಲಿ ಪಂದ್ಯವೊಂದರಲ್ಲಿಯೇ ಅಸುನೀಗಿದ್ದರು. ತಮ್ಮ ಬಾಳಿನ ಬೆಳಕನ್ನು ಕಸಿದುಕೊಂಡ ವಾಹನವನ್ನೇ ಪರರ ಪ್ರಾಣರಕ್ಷಣೆಗೆ ಹೂಡಿದ ಆ ಮಹಿಳೆಯ ಧೃತಿ ಸಾಮಾನ್ಯವಾದುದಲ್ಲ.

1980ರ ದಶಕದಲ್ಲಿ ಇವರು ಪಂದ್ಯಪ್ರಿಯರಿಂದ ಹಣ ಕೂಡಿಸಿ ಸೇವ್ ದಿ ಚಿಲ್ಡ್ರನ್ ಸಂಸ್ಥೆಗೆ ಒಪ್ಪಿಸುತ್ತಿದ್ದರು. ಆ ಹಣದ ವಿನಿಯೋಗವನ್ನು ಕಣ್ಣಾರೆ ಕಾಣಲೆಂದು ಮಮೋಲ ಮತ್ತು ಬ್ಯಾರಿ ಸೊಮಾಲಿಯಾ ದೇಶಕ್ಕೆ ಹೋದರು. ಅಲ್ಲಿ ಅವರ ಮನಸ್ಸನ್ನು ಕಲಕಿದ್ದು ಬಡತನವೊಂದೇ ಅಲ್ಲ. ದಾನವಾಗಿ ಬಂದ ವಾಹನಗಳು ಕೆಟ್ಟು ನಿಂತಿದ್ದ ದೃಶ್ಯ. ಲಸಿಕೆಯಿತ್ತು, ಹಾಕಬಲ್ಲವರೂ ಇದ್ದರು. ಹಳ್ಳಿ ಮುಟ್ಟಿಸುವ ಗಾಡಿ ಮಾತ್ರ ಮೂಲೆಗುಂಪಾಗಿತ್ತು. ಕಾರಣವಾದರೂ ಅತ್ಯಲ್ಪ. ಗಾಳಿಯ ಫಿಲ್ಟರಿನಲ್ಲಿ ಧೂಳು ತುಂಬಿದರೆ, ಸಕಾಲದಲ್ಲಿ ಆಯಿಲ್ ಬದಲಿಸದಿದ್ದರೆ, ಎಂಥ ಗಟ್ಟಿ ಇಂಜಿನ್ ಆದರೂ ಎಷ್ಟು ದಿನ ತಾಳೀತು? ಹೊಸ ವಾಹನ ಕೊಟ್ಟವರಿಗೆ ಹಾರವುಂಟು, ಭಾವಚಿತ್ರವುಂಟು; ಫಿಲ್ಟರ್ ಕೊಟ್ಟವರಿಗೆ ಯಾರು ಹಾರ ಹಾಕುತ್ತಾರೆ!

ಈ ಕೊರತೆಯನ್ನು ತುಂಬಲೆಂದೇ 1996ರಲ್ಲಿ 'ರೈಡರ್ಸ್ ಫಾರ್ ಹೆಲ್ತ್' ಸಂಸ್ಥೆ ವಿಧಿವತ್ತಾಗಿ ರೂಪುಗೊಂಡಿತು. ಅದಕ್ಕಾಗಿ ಕೋಲ್ಮನ್ ದಂಪತಿಗಳು ವಾಸದ ಮನೆಯನ್ನೇ ಅಡವಿಟ್ಟರು. ವಾಹನ ಕೆಟ್ಟ ಮೇಲೆ ದುರಸ್ತಿ ಮಾಡುವುದಲ್ಲ, ಕೆಡದಂತೆ ನೋಡಿಕೊಳ್ಳುವುದು ಅವರ ವ್ರತ. ಬಿಡಿಭಾಗ ಮುರಿಯುವ ಮೊದಲೇ ಬದಲಾಗಬೇಕು. ಸವಾರ ಮೆಕ್ಯಾನಿಕನನ್ನು ಹುಡುಕಿಕೊಂಡು ಅಲೆಯಬಾರದು, ಮೆಕ್ಯಾನಿಕನೇ ಸವಾರನಿದ್ದಲ್ಲಿಗೆ ಹೋಗಬೇಕು. ತಗಲುವ ವೆಚ್ಚವನ್ನು ಕಿಲೋಮೀಟರಿಗೆ ಇಷ್ಟೆಂದು ಲೆಕ್ಕಹಾಕಿ ಆಯಾ ದೇಶದ ಆರೋಗ್ಯ ಇಲಾಖೆಯಿಂದ ಪಡೆಯುವ ಕ್ರಮವನ್ನೂ ಜಾರಿಗೆ ತಂದರು. ಸೇವಾಸಂಸ್ಥೆ ಹಣ ಕೇಳುವುದೆಂದರೆ ಕೆಲವರಿಗೆ ಇರುಸುಮುರುಸಾದೀತು. ಆದರೆ ಬೆಲೆ ಗೊತ್ತಿಲ್ಲದ ವಸ್ತುವಿಗೆ ಮುಂದಿನ ವರ್ಷದ ಆಯವ್ಯಯದಲ್ಲಿ ಹಣ ತೆಗೆದಿರಿಸುವುದಾದರೂ ಹೇಗೆ? ಗ್ಯಾಂಬಿಯಾ, ಜಿಂಬಾಬ್ವೆ, ಲೆಸೊಥೊ ಮುಂತಾದ ದೇಶಗಳಲ್ಲಿ ಈ ಕೆಲಸ ಬೇರೂರಿತು. ಅದನ್ನು ನಡೆಸಿದವರೂ ಬಹುಮಟ್ಟಿಗೆ ಆಯಾ ನಾಡಿನವರೇ.

ಲೆಸೊಥೊ ಇಡಿಯ ದೇಶವೇ ಸಮುದ್ರಮಟ್ಟಕ್ಕಿಂತ 1,000 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ಬೆಟ್ಟದೂರುಗಳ ಚಿಕಿತ್ಸಾಲಯಗಳಿಂದ ರೋಗಿಗಳ ರಕ್ತದ ಮಾದರಿಗಳು ಮೋಟಾರ್ ಸೈಕಲ್ಲಿನ ಮೇಲೆ ಪ್ರಯೋಗಶಾಲೆಗೆ ಇಳಿದುಬರುತ್ತಿದ್ದವು. ಫಲಿತಾಂಶದ ಕಾಗದ ಅದೇ ಹಾದಿಯಲ್ಲಿ ಮರಳಿ ಏರುತ್ತಿತ್ತು. ಸವಾರರಿಗೆ ಕಲಿಸಿದ ಪಾಠದಲ್ಲಿ ಒಂದು ನಿತ್ಯವಿಧಿಯುಂಟು. ಬೆಳಿಗ್ಗೆ ಹೊರಡುವ ಮುನ್ನ ಟೈರಿನ ಗಾಳಿ, ಚೈನಿನ ಬಿಗಿ, ಬ್ರೇಕು, ಆಯಿಲಿನ ಮಟ್ಟ ಇವನ್ನು ತಾನೇ ಬಾಗಿ, ಮುಟ್ಟಿ, ನೋಡಿ, ಆಮೇಲೆ ಚಾವಿ ತಿರುಗಿಸಬೇಕು.